ಭೀಮಕ್ಕನ ಎಲುಬಿನ ಸಾರು

ಎಲುಬು ಮುರಿಯುವ ಸದ್ದು ಕೇಳಿಯೇ ಕೋಳಿಯ ವಯಸ್ಸು ಹೇಳಿಬಿಡುತ್ತಿದ್ದಳು ಭೀಮಕ್ಕ. "ಇದು ಮುದಿ ಕೋಳಿ. ಸಾರು ಬೇಷ್ ಆಗ್ತದ" ಎಂದು ಖುಷಿಯಿಂದ ಸೆರಗು ಸಿಕ್ಕಿಸುತ್ತಿದ್ದಳು.

ಶಹಾಪುರದಲ್ಲಿ ನಮ್ಮ ಪಕ್ಕದ ಮನೆ ಅವಳದು. ಗಂಡ ಸತ್ತ ಮೇಲೆ ಅಧಿಕಾರಿಯೊಬ್ಬರ ಬಂಗಲೆಯಲ್ಲಿ ಪಾತ್ರೆ ತೊಳೆಯುತ್ತ ಒಬ್ಬನೇ ಮಗ ಹಣಮಂತನನ್ನು ಸಾಕಿದ್ದಳು. ಅಲ್ಲಿ ಅಡುಗೆ ಮಾಡುವ ಬಾವರ್ಚಿ ಮಾಂಸ ಬಿಡಿಸಿಕೊಂಡು ಎಸೆಯುತ್ತಿದ್ದ ಎಲುಬು, ಕತ್ತು, ಕಾಲುಗಳನ್ನು ಎಲೆಯಲ್ಲಿ ಕಟ್ಟಿ ತರುತ್ತಿದ್ದಳು.

ನಿಜಾಮರ ಆಳ್ವಿಕೆಯ ಕೊನೆಯ ವರ್ಷ ನಾನು ಮಗಳನ್ನು ಹೆತ್ತೆ. ನನಗೆ ತಾಯಿ ಇರಲಿಲ್ಲ. ಸರ್ಕಾರದ ವಿರುದ್ಧ ಕರಪತ್ರ ಹಂಚಿದ್ದಕ್ಕೆ ನಮ್ಮ ಯಜಮಾನರು ತಲೆಮರೆಸಿಕೊಂಡಿದ್ದರು. ಅದೇ ಗುಮಾನಿಯ ಮೇಲೆ ಹಣಮಂತನನ್ನೂ ಹಿಡಿದು ಠಾಣೆಯಲ್ಲಿ ಕೂಡಿಹಾಕಿದ್ದರು. ಹೆರಿಗೆಯಲ್ಲಿ ರಕ್ತ ಹೋಗಿ ನಾನು ಏಳಲಾರದೆ ಬಿದ್ದಿದ್ದೆ, ಎದೆಯಲ್ಲಿ ಹಾಲಿಲ್ಲ. ಭೀಮಕ್ಕ ಎಲುಬುಗಳನ್ನು ಕೆಂಡದಲ್ಲಿ ಸುಟ್ಟು, ಒರಳಿನಲ್ಲಿ ಜಜ್ಜಿ, ಮೆಣಸು, ಬೆಳ್ಳುಳ್ಳಿ, ಅರಿಸಿನ ಹಾಕಿ ಗಡಿಗೆಯಲ್ಲಿ ಕುದಿಯಲು ಇಡುತ್ತಿದ್ದಳು.

"ಇನ್ನೂ ಆಗಿಲ್ಲೇನಕ್ಕ?" ಎಂದರೆ, "ಗಡಿಬಿಡಿ ಮಾಡಬ್ಯಾಡ ತಂಗಿ. ಸಣ್ಣ ಉರಿಗಿ ಎಲುಬು ತಾನ ಸಾರ ಬಿಡ್ತದ" ಎಂದು ನೊರೆ ತೆಗೆಯುತ್ತ ಕೂರುತ್ತಿದ್ದಳು. ಬಟ್ಟಲನ್ನು ತಾನೇ ನನ್ನ ಬಾಯಿಗೆ ಹಿಡಿದು, ಕೊನೆಯ ಗುಟುಕಿನವರೆಗೂ ಕದಲುತ್ತಿರಲಿಲ್ಲ. ಹತ್ತೇ ದಿನಗಳಲ್ಲಿ ಎದೆಗೆ ಹಾಲಿಳಿಯಿತು.

ಒಂದು ಬೆಳಗ್ಗೆ ಕೇಳಿದಳು: "ನಿನ್ನ ಗಂಡ ಎಲ್ಲಿ ಹಸಕೊಂಡು ಕುಂತಾನೋ ಏನೋ. ಜಾಗ ಹೇಳು, ಒಂದು ತಂಬಿಗಿ ಸಾರು ಮುಟ್ಟಿಸಿ ಬರ್ತೀನಿ."

ನನ್ನ ಕಣ್ಣು ತುಂಬಿ ಬಂತು. "ಯಾರಿಗೂ ಹೇಳಬ್ಯಾಡಕ್ಕ. ವನದುರ್ಗದ ಕ್ವಾಟಿ ಬುರುಜಿನ ಹಿಂದ, ಒಂದು ಹಾಳು ಮನ್ಯಾಗ ಅದಾರ" ಎಂದೆ.

ಮರುದಿನ ಅವರನ್ನು ಹಿಡಿದರು. ಅದರ ಮರುದಿನ ಹಣಮಂತ ತಮ್ಮ ಮನೆಯ ಕಟ್ಟೆಯ ಮೇಲೆ ಕುಳಿತು ರೊಟ್ಟಿ ತಿನ್ನುತ್ತಿದ್ದ. ಅವನನ್ನು ಕಂಡಾಗಲೇ ನನಗೆ ತಿಳಿದದ್ದು. ಕೂಸನ್ನೆತ್ತಿಕೊಂಡು ಗೋಡೆ ಹಿಡಿಯುತ್ತ ಅವಳ ಬಾಗಿಲಿಗೆ ಹೋದೆ.

"ನೀನ ಹೇಳಿದೇನಕ್ಕ?"

"ಹೌದವ್ವ, ನಾನ. ನನ್ನ ಮಗನ್ನ ಬಿಡ್ತೀವಿ ಅಂದ್ರು." ಅವಳು ತಲೆ ತಗ್ಗಿಸಲಿಲ್ಲ. "ಖರೇ ಹೇಳಿ ಕೇಳಿದ್ರ ನೀ ಜಾಗ ಹೇಳ್ತಿದ್ದೇನು?"

ಆಮೇಲೂ ಅವಳು ದಿನಾ ನಮ್ಮ ಹೊಸ್ತಿಲಲ್ಲಿ ಬಟ್ಟಲಿಟ್ಟು ಹೋಗುತ್ತಿದ್ದಳು. ಎರಡು ದಿನ ಚೆಲ್ಲಿದೆ. ಮೂರನೆಯ ದಿನ ಎದೆ ಬತ್ತಿ ಕೂಸು ಚೀರತೊಡಗಿದಾಗ, ಅಳುತ್ತಲೇ ಕುಡಿದೆ. ಅದಕ್ಕಾಗಿ ನನ್ನನ್ನೂ ನಾನು ಬಹಳ ದಿನ ಕ್ಷಮಿಸಿಕೊಳ್ಳಲಿಲ್ಲ.

ನಿಜಾಮರ ಆಳ್ವಿಕೆ ಮುಗಿದ ಮೇಲೆ ನಮ್ಮವರು ಒಂದು ಕಾಲು ಎಳೆಯುತ್ತ ಮನೆಗೆ ಬಂದರು. ಅಷ್ಟರಲ್ಲಿ ಭೀಮಕ್ಕ ಮಗನೊಂದಿಗೆ ಸುರಪುರ ಸೇರಿದ್ದಳು. "ಪೊಲೀಸರು ಹೊರಗ ನಿಂತಿದ್ರು," ಎಂದರು ಅವರು. "ನಾ ಕುಡಿದು ಮುಗಿಸೋ ತನಕ ಸುಮ್ನ ಕುಂತಿದ್ಲು. ತಂಬಿಗಿ ಖಾಲಿ ಆದ ಮ್ಯಾಲ ಎದ್ದು ಹೋಗಿ ಕರದ್ಲು."

ಏಳೆಂಟು ವರ್ಷಗಳ ನಂತರ ಸುರಪುರದ ಸಂತೆಯಲ್ಲಿ ಅವಳೇ ಎದುರು ಬಂದಳು. ಸೊಂಟ ಬಾಗಿತ್ತು. ನನ್ನ ಮಗಳನ್ನು ನೋಡಿ, "ಕೂಸು ಬೇಷ್ ಬೆಳದಾಳ" ಎಂದು ಕೈ ಚಾಚಿದಳು. ನಾನು ಮಗಳ ತೋಳು ಹಿಡಿದು ಸರಸರನೆ ನಡೆದುಬಿಟ್ಟೆ.

"ಯವ್ವಾ, ಆಕಿ ಯಾರು?"

"ನನ್ನ ಬಾಣಂತನ ಮಾಡಿದಾಕಿ."

"ಮತ್ಯಾಕ ಮಾತಾಡಲಿಲ್ಲ?"

ಸಂತೆ ದಾಟುವವರೆಗೂ ನಾನು ಅವಳ ತೋಳು ಬಿಡಲಿಲ್ಲ.