ತಿಂಗಳಿಗೆ ಹತ್ತೇ ದಿನದ ಮರೆವು

ವೈದ್ಯಕೀಯ ಮಾನವಶಾಸ್ತ್ರವನ್ನೂ ಜಾಗತಿಕ ಆರೋಗ್ಯವನ್ನೂ ಜೊತೆಯಾಗಿ ಬೋಧಿಸಿದ ಪ್ರಾಧ್ಯಾಪಕರು ತೈವಾನಿನಲ್ಲಿ ಹಲವರಿದ್ದಾರೆ. ಆ ಪಾಠವನ್ನು ರೋಗಿಯ ಅಡುಗೆಮನೆಯವರೆಗೆ ಕೊಂಡೊಯ್ದವರು ಡಾ. ಚಿಯು ಶು-ಲುವಾನ್. ಮೂವತ್ತೊಂದು ವರ್ಷಗಳ ಸೇವೆ ಮುಗಿಸಿ ಈಗ ನಿವೃತ್ತರಾಗುತ್ತಿರುವ ಅವರು, ಕೆಲಸಕ್ಕೆ ಸೇರಿದ ವರ್ಷವೇ ಒಂದು ವಿಚಿತ್ರ ನಿಯಮ ತಂದರು: ವಿದ್ಯಾರ್ಥಿಗಳು ಯಾರ ಮನೆಗೇ ಹೋಗಲಿ, ಪ್ರಶ್ನಾವಳಿ ತೆಗೆಯುವ ಮುನ್ನ ಅಲ್ಲಿ ಸೊಪ್ಪು ಬಿಡಿಸಿಕೊಡಬೇಕು. "ಇದೇನು ವಿಶ್ವವಿದ್ಯಾಲಯವೋ, ಛತ್ರವೋ?" ಎಂದು ಹಿರಿಯರು ಸಭೆಯಲ್ಲೇ ಚುಚ್ಚಿದರು. ಚಿಯು ಅವರು ಕಿವಿಗೆ ಹಾಕಿಕೊಳ್ಳಲಿಲ್ಲ.

ಹಲವು ವರ್ಷಗಳ ಹಿಂದೆ ಆ ನಿಯಮ ಮುರಿದವಳು ಚಿಯೆನ್ ಯು-ಫೆನ್ ಎಂಬ ಎಂ.ಎ. ವಿದ್ಯಾರ್ಥಿನಿ. ಯುನ್‌ಲಿನ್ ಜಿಲ್ಲೆಯ ಕಡಲೆಕಾಯಿ ಬೆಳೆಯುವ ಹಳ್ಳಿಯೊಂದರಲ್ಲಿ ಹಿರಿಯರು ರಕ್ತದೊತ್ತಡದ ಔಷಧ ಹೇಗೆ ತೆಗೆದುಕೊಳ್ಳುತ್ತಾರೆಂಬುದು ಅವಳ ಅಧ್ಯಯನದ ವಿಷಯ. ಎಪ್ಪತ್ತೆಂಟರ ತೂ ಅಜ್ಜಿಯ ಬಳಿ ಹಿಂದಿನ ಮೂರು ತಿಂಗಳೂ ಹತ್ತು ಹತ್ತು ಕ್ಯಾಪ್ಸೂಲ್ ಉಳಿದಿದ್ದವು. ಬಸ್ಸಿನ ಅವಸರದಲ್ಲಿದ್ದ ಯು-ಫೆನ್ "ಮರೆವು" ಎಂದು ಗೀಚಿದಳು. ಸಾಲದೆಂಬಂತೆ ಅಜ್ಜಿಯ ಸೊಸೆ ಪಾವೊ-ಚುವಿಗೂ ಹೇಳಿ ಬಂದಳು. ಮರೆವಿನವರ ಕೈಗೆ ಬೆಂಕಿ ಕೊಡುವುದೆಂತು ಎಂದು ಹೆದರಿದ ಸೊಸೆ ಅಡುಗೆಮನೆಗೆ ಬೀಗ ಹಾಕಿದಳು. ಅರವತ್ತು ವರ್ಷ ಒಲೆಯ ಮುಂದೆ ನಿಂತ ಜೀವ ಅಂಗಳಕ್ಕೆ ಬಿತ್ತು.

ವರದಿ ಓದಿದ ಚಿಯು ಅವರಿಗೆ ಸಿಟ್ಟು ಬರಲಿಲ್ಲ, ಕುತೂಹಲ ಕೆರಳಿತು.

"ಒಂಬತ್ತಿಲ್ಲ, ಹನ್ನೊಂದಿಲ್ಲ. ಇಷ್ಟು ಶಿಸ್ತಾಗಿ ಮರೆಯೋರನ್ನ ನಾನು ನೋಡೇ ಇಲ್ಲ ಕಣಮ್ಮ! ಯಾವ್ಯಾವ ದಿನ ಅಂತ ಕೇಳಿದ್ಯಾ?"

"ಇಲ್ಲ ಮೇಡಂ."

"ಸೊಪ್ಪು ಬಿಡಿಸಿದ್ಯಾ?"

"ಅದೂ ಇಲ್ಲ ಮೇಡಂ. ಬಸ್ಸಿಗೆ ಹೊತ್ತಾಗಿತ್ತು."

ಮರುದಿನ ಇಬ್ಬರೂ ಹಳ್ಳಿಗೆ ಹೋದರು. ಅಜ್ಜಿ ಅಂಗಳದಲ್ಲಿ ಕಡಲೆಕಾಯಿ ಸುಲಿಯುತ್ತಿದ್ದರು. ಚಿಯು ಅವರೂ ಪಕ್ಕದಲ್ಲಿ ಕುಳಿತು ಸುಲಿಯತೊಡಗಿದರು. ಅರ್ಧ ಬುಟ್ಟಿ ಮುಗಿದ ಮೇಲೆ ಕೇಳಿದರು: "ಅಕ್ಕಾ, ಔಷಧಿ ಬಿಡೋ ದಿನ ಊಟಕ್ಕೇನು ಮಾಡ್ಕೋತೀರಿ?"

"ಅವತ್ತು ವ್ರತ. ಮೀನು ಮಾಂಸ ಮುಟ್ಟಲ್ಲ. ತಿಂಗಳಿಗೆ ಹತ್ತು ದಿನ, ನಮ್ಮತ್ತೆ ಹೇಳ್ಕೊಟ್ಟಿದ್ದು."

"ಔಷಧಿ ಏನು ಪಾಪ ಮಾಡ್ತು?"

"ಆ ಮೇಲಿನ ಸಿಪ್ಪೆ ದನದ ಚರ್ಮದಿಂದ ಮಾಡ್ತಾರಂತೆ. ಗದ್ದೆ ಉತ್ತು ಅನ್ನ ಹಾಕಿದ ಪ್ರಾಣಿ ಅದು. ಬೇರೆ ದಿನ ಕಣ್ಮುಚ್ಕೊಂಡು ನುಂಗ್ತೀನಿ. ವ್ರತದ ದಿನ ಗಂಟಲಲ್ಲಿ ಇಳಿಯಲ್ಲ."

"ಈ ಹುಡುಗಿಗೆ ಹೇಳ್ಬಾರದಿತ್ತಾ?"

"ಎಷ್ಟು ಬಿಟ್ರಿ ಅಂತ ಕೇಳಿದ್ಲು. ಯಾಕೆ ಅಂತ ಎಲ್ಲಿ ಕೇಳಿದ್ಲು?"

ಸೊಸೆಗೆ ಮೇಡಂ ತಿಳಿಸಿ ಹೇಳುತ್ತಾರೆಂದು ಯು-ಫೆನ್ ಕಾದಳು. ಅವರು ತಲೆ ಎತ್ತದೆ ಕಾಯಿ ಸುಲಿಯುತ್ತಲೇ ಇದ್ದರು. ಕೊನೆಗೆ ಅವಳೇ ಎದ್ದು ಪಾವೊ-ಚುವನ್ನು ಕರೆದಳು. "ಅಕ್ಕಾ, ನಿಮ್ಮತ್ತೆಗೆ ಮರೆವಿಲ್ಲ. ನಾನೇ ವಿಚಾರಿಸದೆ ಹೇಳಿಬಿಟ್ಟೆ. ತಪ್ಪು ನನ್ನದು." ಪಾವೊ-ಚು ಹೋಗಿ ಬೀಗ ತೆಗೆದಳು. "ಸದ್ಯ! ಮೂರು ದಿನದಿಂದ ಇವಳ ಸಾರು ಕುಡಿದು ಸಾಕಾಗಿತ್ತು," ಎನ್ನುತ್ತ ಅಜ್ಜಿ ಒಳನಡೆದರು. ಆ ವಾರವೇ ವೈದ್ಯರು ಸಿಪ್ಪೆಯಿಲ್ಲದ ಮಾತ್ರೆ ಬರೆದುಕೊಟ್ಟರು.

ಇಂದು ಅದೇ ವಿಭಾಗದಲ್ಲಿ ಪಾಠ ಹೇಳುವ ಯು-ಫೆನ್, ಕಳೆದ ತಿಂಗಳು ಚಿಯು ಅವರನ್ನು ನಿವೃತ್ತಿಯ ನಂತರದ ಯೋಜನೆಯೇನೆಂದು ಕೇಳಿದಳು.

"ವಿದ್ಯಾರ್ಥಿಯಾಗಿದ್ದಾಗ ನಾನೂ ಒಂದು ವರದಿ ಬರೆದಿದ್ದೆ ಕಣೇ. ಔಷಧಿ ನಡುವೆ ಬಿಟ್ಟ ನಲವತ್ತು ಜನ ಕ್ಷಯರೋಗಿಗಳನ್ನ 'ಅಸಡ್ಡೆಯವರು' ಅಂದೆ. ಯಾಕೆ ಬಿಟ್ರಿ ಅಂತ ಒಬ್ಬರನ್ನೂ ಕೇಳಲಿಲ್ಲ. ಅವರಲ್ಲಿ ಹನ್ನೊಂದು ಜನ ಇನ್ನೂ ಬದುಕಿದ್ದಾರಂತೆ. ಹೋಗಿ ಕೇಳ್ತೀನಿ."

ಆ ಹನ್ನೊಂದು ಬಾಗಿಲನ್ನೂ ತಟ್ಟುವಷ್ಟು ಆಯುರಾರೋಗ್ಯ ಚಿಯು ಅವರಿಗಿರಲಿ. ಬಾಗಿಲು ತೆರೆದು ಉತ್ತರ ಹೇಳುವಷ್ಟು ಆಯುಷ್ಯ ಆ ಹನ್ನೊಂದು ಜನಕ್ಕೂ ಇರಲಿ.