ಹಳದಿ ಬೆಳಕಿನಲ್ಲಿ ಸಿಕ್ಕಿಬಿದ್ದವನು

ಮೊನ್ನೆ ಮದ್ದೂರಿನಿಂದ ಮಳವಳ್ಳಿಗೆ ಹೋಗುವ ರಸ್ತೆಯ ತಿರುವಿನಲ್ಲಿ ಹಳೆಯ ಬೀದಿದೀಪವೊಂದನ್ನು ಕಂಬದಿಂದ ಇಳಿಸಿ ಬದಿಗಿಟ್ಟಿದ್ದರು. ಗಾಜಿನೊಳಗೆ ಸುಟ್ಟ ಹುಳುಗಳ ಕಮಟು ವಾಸನೆ. ಅದರ ಹಳದಿ ಬೆಳಕನ್ನೇ ನಂಬಿ ನಿಂತಿದ್ದ ಸ್ಟುಡಿಯೋ ಅಕ್ಕ ನೆನಪಾದರು…

ನನ್ನ ಟೈಲರಿಂಗ್ ಅಂಗಡಿಯ ಪಕ್ಕದ್ದೇ ಅವರ ಸ್ಟುಡಿಯೋ. ಗಂಡ ಮದುವೆಗಳಲ್ಲಿ ಫೋಟೋ ತೆಗೆಯುತ್ತಿದ್ದರು, ಅಕ್ಕ ಪ್ರಿಂಟು ಹಾಕಿ ಫ್ರೇಮು ಕಟ್ಟುತ್ತಿದ್ದರು. ಒಂದು ರಾತ್ರಿ ಆರತಕ್ಷತೆ ಮುಗಿಸಿ ಮೊಪೆಡ್ಡಿನಲ್ಲಿ ಬರುತ್ತಿದ್ದ ಗಂಡನನ್ನು ಆ ರಸ್ತೆಯಲ್ಲೇ ಮರಳಿನ ಟ್ರ್ಯಾಕ್ಟರೊಂದು ಗುದ್ದಿ, ನಿಲ್ಲದೆ ಹೋಯಿತು. ಅದು ರಾತ್ರಿ ಕದ್ದು ಮರಳು ಸಾಗಿಸುವ ನಮ್ಮೂರ ಸಾಹುಕಾರನದೆಂದು ಎಲ್ಲರಿಗೂ ಗೊತ್ತಿತ್ತು. ಬಾಯಿ ಬಿಟ್ಟವರಿಲ್ಲ. ಆ ಸಾಹುಕಾರನೇ ದೊಡ್ಡ ಹಾರ ಹಿಡಿದು ತಿಥಿಗೆ ಬಂದ.

"ಮುತ್ತತ್ತಿ ಆಂಜನೇಯ್ನಾಣೆ, ಕತ್ಲಾದ್ಮೇಲೆ ನನ್ ಟ್ರ್ಯಾಕ್ಟ್ರು ಶೆಡ್ಡಿಂದ ಈಚೆಗೇ ಬರಾಕಿಲ್ಲ ಕಣವ್ವ" ಎಂದ.

ಅಕ್ಕ ಅಳಲಿಲ್ಲ. ಮಾರನೆಯ ವಾರದಿಂದ ರಾತ್ರಿಹೊತ್ತು ಗಂಡನ ಕ್ಯಾಮೆರಾ ಎತ್ತಿಕೊಂಡು ಆ ತಿರುವಿನ ಮುಚ್ಚಿದ ಗೂಡಂಗಡಿಯ ಹಿಂದೆ ನಿಲ್ಲತೊಡಗಿದರು. ಜೊತೆಗೆ ನಾನೂ ಹೋಗುತ್ತಿದ್ದೆ.

"ಫ್ಲಾಶ್ ಹಾಕುದ್ರೆ ಓಡೋಯ್ತಾರೆ. ಬೀದಿದೀಪದ್ ಬೆಳಕೇ ಸಾಕು ಕಣಮ್ಮ" ಅಂದಿದ್ದರು.

ಸಾಲಲಿಲ್ಲ. ಮೊದಮೊದಲು ಬರೀ ಬೆಳಕಿನ ಗೆರೆಗಳು ಬಂದವು, ಟ್ರ್ಯಾಕ್ಟರಿನ ನೆರಳೂ ಇಲ್ಲ. ದೀಪದ ಕೆಳಗಿನ ರೋಡ್ ಹಂಪಿನ ಮೇಲೆ ಗಾಡಿ ನಿಂತಂತೆ ಆಗುವುದನ್ನು ಅಕ್ಕ ಆಮೇಲೆ ಗಮನಿಸಿದರು. ಆ ಗಳಿಗೆಗೇ ಕಾದರು, ಉಸಿರು ಬಿಗಿಹಿಡಿದು… ಕೊನೆಗೆ ಸಿಕ್ಕಿತು. ನೀರು ಸೋರುವ ಮರಳು, ಓದಲು ಬರುವ ನಂಬರು, ಒಡೆದ ಹೆಡ್‌ಲೈಟು. ಡ್ರೈವರಿನ ಪಕ್ಕ ಮಡ್‌ಗಾರ್ಡಿನ ಮೇಲೆ ಸಾಹುಕಾರನೇ ಕೂತಿದ್ದ, ಏನೋ ಮಾತಿಗೆ ಬಾಯ್ತುಂಬ ನಗುತ್ತ.

ಆ ನಗುವೇ ಅಕ್ಕನನ್ನು ಸುಟ್ಟಿದ್ದು.

ಒಂದು ಪ್ರತಿ ಸ್ಟೇಷನ್ನಿಗೆ ಹೋಯಿತು. ಜೈಲಿಗೆ ಹೋದವನು ಡ್ರೈವರು ಮಾತ್ರ. ಆಗ ಅಕ್ಕ ಆ ಪಟವನ್ನು ಬಾಗಿಲಿನಷ್ಟು ದೊಡ್ಡದು ಮಾಡಿಸಿ ಸ್ಟುಡಿಯೋದ ಗಾಜಿಗೆ ನೇತುಹಾಕಿದರು. ಮಂಡ್ಯದ ಬಸ್ಸಿಗೆ ಕಾಯುವವರೆಲ್ಲ ನಿಂತು ನೋಡಿದರು. ಸಾಹುಕಾರನನ್ನು ನ್ಯಾಯ ಪಂಚಾಯ್ತಿಗೆ ಕರೆಯುವುದು ನಿಂತುಹೋಯಿತು. ಮಗಳಿಗೆ ನೋಡಿದ್ದ ಸಂಬಂಧವೂ ಮುರಿಯಿತು. ಒಂದು ಸಂಜೆ ಅವನೇ ಬಂದ.

"ಅದ್ನ ತೆಗೆದ್ಬುಡವ್ವ. ಕೈ ಮುಗೀತೀನಿ."

ಅಕ್ಕ ಫ್ರೇಮು ಒರೆಸುವುದನ್ನು ನಿಲ್ಲಿಸಲಿಲ್ಲ. "ನಮ್ಮನೆಯವ್ರ ಪಟಕ್ಕೆ ಹಾರ ತಂದಿದ್ರಲ್ಲ ಸಾಹುಕಾರ್ರೇ, ಈ ಪಟಕ್ಕೂ ಹಾರ ಬೀಳೋಗಂಟ ಇಲ್ಲೇ ಇರ್ತದೆ."

ಅವನು ಬಂದ ದಾರಿ ಹಿಡಿದ.

ಅಕ್ಕನೇ ಮೊದಲು ಹೋದರು, ಕಳೆದ ವರ್ಷ, ಕಾಮಾಲೆಯಿಂದ. ಸ್ಟುಡಿಯೋ ಖಾಲಿ ಮಾಡುವಾಗ ಆ ಪಟವನ್ನು ಕೇಳಿ ತಂದು ನನ್ನ ಅಂಗಡಿಯಲ್ಲಿ ಹಾಕಿದ್ದೇನೆ. ಸಾಹುಕಾರ ಈಗ ಕೋಲೂರಿಕೊಂಡು ರಸ್ತೆಯ ಆಚೆ ಬದಿಯಲ್ಲೇ ನಡೆಯುತ್ತಾನೆ, ಈ ಕಡೆ ಮುಖ ಎತ್ತುವುದಿಲ್ಲ. ನಿನ್ನೆಯೂ ಹಾಗೇ ಹೋದ. ನನ್ನ ಹೊಟ್ಟೆ ತಣ್ಣಗಾಯಿತು.

"ಅಕ್ಕ, ನೋಡಿ ಇಲ್ಲಿ" ಎಂದು ಪಕ್ಕಕ್ಕೆ ತಿರುಗಿದೆ. ಸ್ಟುಡಿಯೋ ಇದ್ದ ಜಾಗಕ್ಕೆ ಬಂದಿರುವ ಮೊಬೈಲ್ ಅಂಗಡಿಯ ಹುಡುಗಿ ತಲೆಯೆತ್ತಿ, ಯಾರನ್ನು ಕರೆದಿರಿ ಎಂಬಂತೆ ನನ್ನನ್ನೇ ನೋಡಿದಳು.