ಮೈಲಾರಮ್ಮನ ಅಡುಗೆಮನೆಯ ಕೂಗುಮಾರಿ

ಅಮರಾಪುರದ ಮೇಲಿನ ಬೀದಿಯಲ್ಲಿ ಮೈಲಾರಮ್ಮನ ಕೈಯ ಹುರುಳಿ ಸಾರು ಉಣ್ಣದವರು ಯಾರಾದರೂ ಇದ್ದರೆ ಅವರು ಆ ಬೀದಿಗೆ ಹೊಸಬರು ಎಂದೇ ತಿಳಿಯಬೇಕು. ಅರವತ್ತೆಂಟು ದಾಟಿದ ಹೆಂಗಸು. ಗಂಡ ದೊಡ್ಡಬೀರಪ್ಪ ಬದುಕಿದ್ದಷ್ಟು ದಿನ ಕುರಿ ಹಿಂಡಿನ ಜೊತೆ ಊರೂರು ಅಲೆದು, ಮೂರು ಕಲ್ಲು ಸಿಕ್ಕಿದ ಕಡೆ ಒಲೆ ಹೂಡಿ, ಗಾಳಿಗೆ ಬೆನ್ನು ಕೊಟ್ಟು ಕೂತು ಮುದ್ದೆ ತಿರುವಿದವಳು. ಗಂಡ ಹೋದ ಮೇಲೆ ಕುರಿಗಳು ಮೈದುನನ ಪಾಲಾದವು. ಇವಳ ಪಾಲಿಗೆ ಒಲೆ ಉಳಿಯಿತು. ಈಗ ಅದು ಗ್ಯಾಸ್ ಒಲೆ, ಗ್ರಾನೈಟ್ ಕಟ್ಟೆಯ ಮೇಲೆ ಮೆರೆಯುತ್ತದೆ. ಹೊಲಕ್ಕೆ ಏನು ಬಿತ್ತಬೇಕು, ಯಾರ ಮದುವೆಗೆ ಯಾರು ಹೋಗಬೇಕು ಎಂದು ಆ ಮನೆಯಲ್ಲಿ ಅವಳನ್ನು ಯಾರೂ ಕೇಳುವುದಿಲ್ಲ. ಆದರೆ ಇವತ್ತು ಏನು ಸಾರು ಎಂದು ದಿನಾ ಕೇಳುತ್ತಾರೆ. ಅಷ್ಟು ಅಧಿಕಾರದಲ್ಲಿ ಅವಳು ಸುಖವಾಗಿದ್ದಳು.

ಮಗ ತಿಪ್ಪೇಸ್ವಾಮಿ ರಾಜ್ಯದ ಗಡಿಯಾಚೆಯ ಕಾರ್ಖಾನೆಯೊಂದರಲ್ಲಿ ಸೇಫ್ಟಿ ಸೂಪರ್‌ವೈಸರ್. ಇನ್ನೂರು ಜನರ ತಲೆಗೆ ಹೆಲ್ಮೆಟ್ ಹಾಕಿಸುವುದು, ಬೀಡಿ ಕಿತ್ತು ಎಸೆಯುವುದು, ಎಲ್ಲದಕ್ಕೂ ಸಹಿ ಹಾಕಿಸಿಕೊಳ್ಳುವುದು ಅವನ ಉದ್ಯೋಗ. ಮನೆಗೆ ಬಂದರೂ ಆ ಉದ್ಯೋಗ ಮೈಯಿಂದ ಇಳಿಯುತ್ತಿರಲಿಲ್ಲ. ಕಾಯಿ ಕೀಳುವವನು ಹಳದಿ ಹೆಲ್ಮೆಟ್ ಹಾಕದೆ ಅವರ ತೆಂಗಿನಮರ ಹತ್ತುವಂತಿಲ್ಲ. ಎಮ್ಮೆ ಕಟ್ಟುವ ಗೂಟಕ್ಕೆ ಅಪಾಯ ತೋರಿಸುವ ಕೆಂಪು ಪಟ್ಟಿ ಬಳಿಸಿದ್ದಾನೆ. ಎಮ್ಮೆ ಅದನ್ನು ನೆಕ್ಕಿ ನೆಕ್ಕಿ ಅರ್ಧ ಖಾಲಿ ಮಾಡಿದೆ. ಹೆಂಡತಿ ಮಂಜುಳ ಮಡಕಶಿರಾದ ಆಫೀಸೊಂದರಲ್ಲಿ ಕೆಲಸಕ್ಕಿದ್ದಾಳೆ. ಬೆಳಿಗ್ಗೆ ಎಂಟೂವರೆ ಬಸ್ಸಿಗೆ ಹೋದರೆ ಸಂಜೆಗೇ ವಾಪಸ್ಸು. ಹಾಗಾಗಿ ಅಡುಗೆಮನೆಗೆ ಅತ್ತೆಯೇ ಯಜಮಾನಿ, ಸೊಸೆಗೂ ಅದು ಅನುಕೂಲವೇ.

ಸಂಕ್ರಾಂತಿ ಕಳೆದ ಮೇಲೆ ಒಂದು ಮಧ್ಯಾಹ್ನ ಮೈಲಾರಮ್ಮ ಹಾಲು ಕಾಯಲು ಇಟ್ಟು, ಪಡಸಾಲೆಯಲ್ಲಿ ಕಡಲೆಕಾಯಿ ಸುಲಿಯುತ್ತಾ ಕೂತಳು. ಹಾಗೇ ಗೋಡೆಗೆ ಒರಗಿ ಕಣ್ಣು ಮುಚ್ಚಿದಳು. ಅವತ್ತು ಅರ್ಧ ದಿನಕ್ಕೇ ಬಂದ ತಿಪ್ಪೇಸ್ವಾಮಿಗೆ ಮನೆ ತುಂಬ ಹೊಗೆ ಕಂಡಿತು. ಪಾತ್ರೆ ಇದ್ದಿಲಾಗಿತ್ತು. ಅವನು ಒಲೆ ಆರಿಸಿ, ಕಿಟಕಿ ತೆಗೆದು, ಅವ್ವನನ್ನು ಎಬ್ಬಿಸಿ, ಒಂದೇ ಒಂದು ಮಾತಾಡದೆ ಹಿತ್ತಲಿಗೆ ಹೋಗಿ ಬಹಳ ಹೊತ್ತು ನಿಂತ. ಬೈದಿದ್ದರೆ ಅವಳೂ ತಿರುಗಿ ಬೈದು ಹಗುರಾಗುತ್ತಿದ್ದಳು.

ಮಾರ್ಚಿನಲ್ಲಿ ಕಾರ್ಖಾನೆಯವರು ಸುರಕ್ಷತಾ ಸಪ್ತಾಹ ಮಾಡಿ ತಿಪ್ಪೇಸ್ವಾಮಿಗೆ ಮೊದಲ ಬಹುಮಾನ ಕೊಟ್ಟರು. ಹೊಗೆ ಕಂಡರೆ ಕೂಗುವ ಯಂತ್ರ. ಬಿಳಿ ಬಣ್ಣ, ಸಣ್ಣ ತಟ್ಟೆಯಷ್ಟು ಅಗಲ. ಅವನು ಸ್ಟೂಲು ಹಾಕಿಕೊಂಡು ಹತ್ತಿ, ಅದನ್ನು ಸರಿಯಾಗಿ ಒಲೆಯ ನೆತ್ತಿಯ ಮೇಲೆ ಬಿಗಿದ.

"ಅಲ್ಲೇ ಯಾಕ್ರೀ?" ಎಂದು ಮಂಜುಳ ಕೇಳಿದಳು.

"ಬೆಂಕಿ ಸಾಮಾನು ಆಗ್ನೇಯ ಮೂಲೇಲೇ ಇರ್ಬೇಕಂತೆ. ವಾಸ್ತು ನೋಡೋ ಚಿಕ್ಕತಿಮ್ಮಯ್ಯ ಹೇಳವ್ರೆ" ಎಂದ, ಕಾರ್ಖಾನೆಯ ಪ್ರಥಮ ಬಹುಮಾನಿತ ಸುರಕ್ಷತಾ ಅಧಿಕಾರಿ.

ಆಮೇಲೆ ಸ್ಟೂಲಿನ ಮೇಲಿಂದಲೇ ಅವ್ವನಿಗೆ ಹೇಳಿದ: "ಇದು ಐದು ಸಲ ಕೂಗಿದ್ರೆ ನೀನು ಒಲೆ ಬಿಟ್ಬಿಡ್ಬೇಕು ಕಣವ್ವ. ಊಟಕ್ಕೆ ಮೆಸ್ಸಿಂದ ಕ್ಯಾರಿಯರ್ ಹೇಳ್ತೀನಿ."

ಮೈಲಾರಮ್ಮ ಮನಸ್ಸಿನಲ್ಲೇ ಗುಣಿಸಿದಳು. ಐವತ್ತು ವರ್ಷದಲ್ಲಿ ಒಂದು ಸಲ ಹಾಲು ಸೀದಿದೆ. ಐದು ಸಲ ಸೀಯಲು ಇನ್ನೂರೈವತ್ತು ವರ್ಷ ಬೇಕು. "ಆಗ್ಲಿ ಬಿಡಪ್ಪ" ಎಂದಳು.

ಅದೇ ಸಂಜೆ ಸಾರಿಗೆ ಒಗ್ಗರಣೆ ಇಟ್ಟಳು. ಸಾಸಿವೆ ಸಿಡಿಯಿತು, ಒಣಮೆಣಸಿನಕಾಯಿ ಕೆಂಪೇರಿತು, ಯಂತ್ರ ಕಿಟಾರನೆ ಕಿರುಚಿತು. ಸೌಟು ಕೈಯಿಂದ ಜಾರಿತು. ಹಿತ್ತಲಲ್ಲಿ ಎಮ್ಮೆ ಹಗ್ಗ ಜಗ್ಗಿತು. ತಿಪ್ಪೇಸ್ವಾಮಿ ಬಂದು ನೋಡಿ, ಗೋಡೆಯ ಕ್ಯಾಲೆಂಡರಿನಲ್ಲಿ ಆ ದಿನದ ಮೇಲೆ ಕೆಂಪು ಪೆನ್ನಿನಿಂದ ಗೀರು ಎಳೆದ.

"ಬೆಂಕಿ ಎಲ್ಲೈತೋ? ಒಗ್ಗರಣೆ ಕಣೋ ಇದು!"

"ಕೂಗಿದ್ಮೇಲೆ ಬರೀಲೇಬೇಕು ಅವ್ವ. ರೂಲ್ಸು."

ಎರಡನೆಯ ಸಲ ಹೊಗೆಯೂ ಇರಲಿಲ್ಲ. ಮುದ್ದೆಯ ಪಾತ್ರೆಯ ಮುಚ್ಚಳ ತೆಗೆದಾಗ ಎದ್ದ ಬರೀ ಹಬೆಗೇ ಅದು ಬಾಯಿ ಬಡಿದುಕೊಂಡಿತು. ಅವತ್ತಿನಿಂದ ಮೈಲಾರಮ್ಮ ಅದಕ್ಕೆ ಕೂಗುಮಾರಿ ಎಂದು ಹೆಸರಿಟ್ಟಳು. ಒಳಗೆ ಜೇಡ ಸೇರಿರಬಹುದೆಂದು ಪೊರಕೆಯಿಂದ ಗುಡಿಸಿದಳು. ಒಗ್ಗರಣೆ ಸೌಟು ಹಿಡಿದು ಹಿತ್ತಲಿಗೆ ಓಡಿದಳು. ಒಂದು ಕೈಯಲ್ಲಿ ಮುದ್ದೆ ತೊಳಸುತ್ತಾ ಇನ್ನೊಂದು ಕೈಯಲ್ಲಿ ಮೇಲಕ್ಕೆ ಮೊರ ಬೀಸಿದಳು. ಇಷ್ಟೆಲ್ಲ ಸೇವೆ ಅವಳು ಮನೆದೇವರಿಗೂ ಮಾಡಿರಲಿಲ್ಲ.

ಪಕ್ಕದ ಮನೆಯ ಪಾಪಕ್ಕ ಈ ಕೂಗು ಕೇಳಿ ಬಂದವಳು ಕಟ್ಟೆ, ಒಲೆ, ಹೊಳೆಯುವ ಟೈಲ್ಸು ಎಲ್ಲವನ್ನೂ ಒಮ್ಮೆ ನೋಡಿದಳು. "ಇನ್ನೇನಾಗ್ತದೆ ಹೇಳು. ಹೊಸ ಅಡುಗೆಮನೆ, ಕಂಡೋರ ಕಣ್ಣು ಬಿದ್ದೈತೆ. ದೃಷ್ಟಿ ಅಕ್ಕ, ದೃಷ್ಟಿ!"

ದೃಷ್ಟಿಗೆ ಮದ್ದು ಎಲ್ಲರ ಮನೆಯಲ್ಲೂ ಇದ್ದದ್ದೇ. ಪಾಪಕ್ಕ ಬಾಣಲೆಯಲ್ಲಿ ಕೆಂಡ ತಂದಳು. ಒಣಮೆಣಸಿನಕಾಯಿ, ಉಪ್ಪು, ಸಾಸಿವೆ ಮುಷ್ಟಿಯಲ್ಲಿ ಹಿಡಿದು ಒಲೆಗೆ ಮೂರು ಸುತ್ತು ನೀವಾಳಿಸಿ ಕೆಂಡಕ್ಕೆ ಹಾಕಿದಳು. ಘಾಟಿಗೆ ಇಬ್ಬರೂ ಕಣ್ಣು ಮೂಗು ಸುರಿಸಿಕೊಂಡು ಕೆಮ್ಮುತ್ತಿರುವಾಗ ನೆತ್ತಿಯ ಮೇಲೆ ಕೂಗುಮಾರಿ ಹಿಂದೆಂದೂ ಕೂಗದ ಹಾಗೆ ಕೂಗಿತು.

"ನೋಡ್ದಾ! ಬಡ್ಕೊಂಡು ಓಡೋಗ್ತಾ ಐತೆ!" ಎಂದು ಪಾಪಕ್ಕ ಹಿಗ್ಗಿದಳು.

ಎರಡು ದಿನ ಬಿಟ್ಟು, ಇನ್ನೂ ಚೂರು ಉಳಿದಿರಬಹುದೆಂದು, ಪಾಪಕ್ಕ ಮತ್ತೊಮ್ಮೆ ಕೆಂಡ ತಂದಳು. ಉಳಿದಿದ್ದೂ ಬಡಿದುಕೊಂಡು ಓಡಿತು. ಪಾಪಕ್ಕ ಎಲೆಯಡಿಕೆ ಹಾಕಿಕೊಂಡು ಮನೆಗೆ ಹೋದಳು. ಕ್ಯಾಲೆಂಡರಿನಲ್ಲಿ ಗೀರು ನಾಲ್ಕಾದವು.

ಮೈಲಾರಮ್ಮನಿಗೆ ಈಗ ನಿಜವಾಗಿ ದಿಗಿಲಾಯಿತು. ಇನ್ನೊಂದೇ ಒಂದು ಕೂಗು. ಆಮೇಲೆ ಬಾಗಿಲಲ್ಲಿ ಕೂತು ಯಾರೋ ಬೇಯಿಸಿದ ಅನ್ನದ ಕ್ಯಾರಿಯರ್ ಕಾಯಬೇಕು. ಅಂಥ ಮನೆಯಲ್ಲಿ ತಾನು ಯಾರು ಎಂಬುದಕ್ಕೆ ಅವಳಿಗೆ ಉತ್ತರ ಹೊಳೆಯಲಿಲ್ಲ. ಒಗ್ಗರಣೆ ನಿಲ್ಲಿಸಿದಳು. ಹುರಿಯುವುದು ನಿಲ್ಲಿಸಿದಳು. ಕಡಲೆಬೀಜವನ್ನು ಹಸಿಯಾಗೇ ರುಬ್ಬಿ ಚಟ್ನಿ ಎಂದಳು. ಮನೆಮಂದಿ ಹದಿನೈದು ದಿನ ಸಪ್ಪೆ ಸಾರು ಉಂಡರು. ತಿಪ್ಪೇಸ್ವಾಮಿ ತಲೆ ತಗ್ಗಿಸಿ ಉಪ್ಪಿನಕಾಯಿ ನೆಂಚಿಕೊಂಡು ತಿಂದೆದ್ದು ಕೈ ತೊಳೆದ. ಅವನ ಮನೆ ಸಂಪೂರ್ಣ ಸುರಕ್ಷಿತವಾಗಿತ್ತು, ಉಣ್ಣಲು ಮಾತ್ರ ಆಗುತ್ತಿರಲಿಲ್ಲ.

ಅಷ್ಟರಲ್ಲಿ ರೊಳ್ಳದಲ್ಲಿ ತಂಗಿಯ ಮೊಮ್ಮಗುವಿಗೆ ನಾಮಕರಣ ಬಂತು. ಶನಿವಾರ ಬಸ್ಸು ಹತ್ತಿದ ಮೈಲಾರಮ್ಮ ಅಲ್ಲಿ ತನ್ನ ಕೈಯಾರೆ ನಾಲ್ಕು ಬಗೆ ಒಗ್ಗರಣೆ ಇಟ್ಟು, ಎದೆ ತುಂಬ ಘಾಟು ಎಳೆದುಕೊಂಡು ಸೋಮವಾರ ಸಂಜೆ ವಾಪಸ್ಸಾದಳು. ಅಡುಗೆಮನೆಗೆ ಹೋದವಳ ಕಣ್ಣು ಕ್ಯಾಲೆಂಡರಿನ ಮೇಲೆ ಬಿತ್ತು. ಓದು ಬರದಿದ್ದರೂ ಗೀರು ಎಣಿಸಲು ಬರುತ್ತದೆ. ಐದು ಇದ್ದವು. ಐದನೆಯದು ಭಾನುವಾರದ ಮೇಲಿತ್ತು.

"ಮಂಜುಳಾ, ಭಾನುವಾರ ನಾನೆಲ್ಲಿದ್ದೆ?"

"ರೊಳ್ಳದಾಗೆ ಇದ್ರಿ ಅತ್ತೆ" ಎಂದ ಮಂಜುಳಳಿಗೆ ನಗು ತಡೆಯಲಾಗಲಿಲ್ಲ. "ನಾನು ಹಿತ್ತಲಾಗೆ ಬಟ್ಟೆ ಒಗೀತಿದ್ದೆ. ಇವ್ರೇ ಮೊಟ್ಟೆ ಹುರ್ಕೊಳ್ಳಾಕೆ ಹೋಗಿ ಕೂಗಿಸಿದ್ರು. ಆಮೇಲೆ ಇವ್ರೇ ಗೀರು ಎಳೆದ್ರು."

ತಿಪ್ಪೇಸ್ವಾಮಿ ಪಡಸಾಲೆಯಲ್ಲಿ ಬೂಟು ಬಿಚ್ಚುತ್ತಿದ್ದ. ಮೈಲಾರಮ್ಮ ಸೊಂಟಕ್ಕೆ ಸೆರಗು ಸಿಕ್ಕಿಸಿ ಅವನ ಮುಂದೆ ನಿಂತಳು. "ಯಾರು ಕೂಗಿಸಿದ್ರೂ ನನ್ನ ತಲೆಗೇ ಏನ್ಲಾ?"

"ಕೂಗಿದ್ಮೇಲೆ ಬರೀಬೇಕಲ್ಲವ್ವ" ಎಂದ. ಈ ಸಲ ದನಿಯಲ್ಲಿ ಸೂಪರ್‌ವೈಸರ್ ಇರಲಿಲ್ಲ.

ಮಂಜುಳ ಒಳಗಿಂದ ಯಂತ್ರದ ಡಬ್ಬಿ ತಂದು, ಅದರಲ್ಲಿದ್ದ ಚೀಟಿ ಬಿಡಿಸಿ ಓದಿದಳು. "ಒಲೆಯಿಂದ ಹತ್ತು ಅಡಿ ದೂರ ಹಾಕ್ಬೇಕಂತೆ. ಹತ್ರ ಹಾಕಿದ್ರೆ ಹಬೆಗೂ ಕೂಗ್ತದಂತೆ. ನೀವು ಇದನ್ನ ಓದ್ಲೇ ಇಲ್ವಾ?"

ಅವನು ಬಿಚ್ಚಿದ ಬೂಟನ್ನೇ ನೋಡುತ್ತಾ ಕೂತ. "ಗೊತ್ತಿತ್ತು" ಎಂದ. "ತಿಂಗಳು ತಿಂಗಳು ಕಾರ್ಖಾನೆಯಾಗೆ ಅದನ್ನೇ ಪಾಠ ಹೇಳ್ತೀನಿ."

"ಮತ್ತೆ ವಾಸ್ತು?"

"ಸುಳ್ಳು."

ಮೈಲಾರಮ್ಮನಿಗೆ ಈಗ ಅರ್ಥವಾಯಿತು. ಇನ್ನೂರು ಜನರ ಮೇಲೆ ಜಬರದಸ್ತು ಮಾಡುವ ಮಗ, ಒಲೆ ಬಿಡು ಎಂದು ಹೆತ್ತವಳ ಮುಖ ನೋಡಿ ಹೇಳಲಾರದೆ, ಆ ಮಾತು ಆಡಲು ಒಂದು ಯಂತ್ರವನ್ನು ಕೂಲಿಗೆ ಇಟ್ಟಿದ್ದ.

"ಅವತ್ತು ಹಾಲು ಸೀದ ದಿನ" ಎಂದು ಅವನೇ ಮುಂದುವರಿಸಿದ, "ಹೊಗೆಯಾಗೆ ನೀನು ಗೋಡೆಗೆ ಒರಗಿದ್ದೆ. ಕೂಗ್ದೆ, ಏಳ್ಲಿಲ್ಲ. ಮೂರು ಸಲ ಕೂಗ್ದೆ. ಮುಟ್ಟಿ ನೋಡಾಕೆ ಕೈ ಬರ್ಲಿಲ್ಲ ಕಣವ್ವ. ಹೋಗ್ಬಿಟ್ಟೆ ಅನ್ಕೊಂಡೆ."

ಹದಿನೈದು ದಿನದಿಂದ ಕೂಡಿಟ್ಟಿದ್ದ ಬೈಗುಳಗಳೆಲ್ಲ ಮೈಲಾರಮ್ಮನ ನಾಲಿಗೆಯ ತುದಿಯಲ್ಲೇ ಇದ್ದವು. ಅವನ್ನು ಅಲ್ಲೇ ಬಿಟ್ಟು ಅವನ ಎದುರಿಗೆ ನೆಲದ ಮೇಲೆ ಕೂತಳು.

"ಇದನ್ನ ನೀನೇ ಹೇಳ್ಬೇಕಿತ್ತು, ಅದರ ಕೈಲಿ ಕೂಗ್ಸೋದಲ್ಲ" ಎಂದಳು. ಪಡಸಾಲೆಯ ಗೋಡೆಯ ಕಡೆ ಕೈ ತೋರಿಸಿದಳು: "ಅದನ್ನ ಬಿಚ್ಚಿ ತಂದು ಇಲ್ಲಿ ಪಡಸಾಲೆಯಾಗೆ ಹಾಕು. ಮಧ್ಯಾನ ನಾನು ಒರಗೋದು ಇಲ್ಲೇ. ಏಳಿಸ್ಬೇಕಾದ್ದು ನನ್ನ ತಾನೇ? ಒಲೆ ಯಾವತ್ತು ನಿದ್ದೆ ಮಾಡಿತ್ತು?"

ಸುರಕ್ಷತೆಯ ವಿಷಯದಲ್ಲಿ ತನಗೆ ಹೊಳೆಯದ ಈ ಮಾತು ಕೇಳಿ ತಿಪ್ಪೇಸ್ವಾಮಿ ಸ್ಟೂಲು ತರಲು ಎದ್ದ. ಒಲೆಯಿಂದ ಟೇಪು ಹಿಡಿದು ಹನ್ನೆರಡು ಅಡಿ ಅಳೆದು ಪಡಸಾಲೆಯ ಗೋಡೆಗೆ ಬಿಗಿದ.

ಮರುದಿನ ಬೆಳಿಗ್ಗೆ ಮೈಲಾರಮ್ಮ ಹುರುಳಿ ಸಾರು ಮಾಡಿದಳು. ಏಳು ಒಣಮೆಣಸಿನಕಾಯಿ ಮುರಿದು, ಬೆಳ್ಳುಳ್ಳಿ ಜಜ್ಜಿ, ಕಾದ ಎಣ್ಣೆಗೆ ಬಿಟ್ಟಳು. ಘಾಟು ಮನೆಯೆಲ್ಲ ಹಬ್ಬಿತು. ಮಂಜುಳ ಬಾಗಿಲಲ್ಲಿ ನಿಂತು ಪಡಸಾಲೆಯ ಗೋಡೆಯ ಕಡೆ ನೋಡಿದಳು, ಯಂತ್ರ ತೆಪ್ಪಗಿತ್ತು. ಮೈಲಾರಮ್ಮನಿಗೆ ಮಾತ್ರ ಘಾಟು ನೆತ್ತಿಗೇರಿ ಕೆಮ್ಮು ಬಂದು ಕೈಯಲ್ಲಿದ್ದ ಮುಚ್ಚಳ ಠಣ್ಣೆಂದು ಕೆಳಗೆ ಬಿತ್ತು.

"ಅವ್ವಾ!"

ಬಚ್ಚಲ ಬಾಗಿಲು ದಡಾರನೆ ತೆರೆಯಿತು. ಸೊಂಟಕ್ಕೆ ಟವೆಲ್ಲು, ಮುಖದ ತುಂಬ ಸೋಪಿನ ನೊರೆ, ಕಣ್ಣು ಬಿಡಲಾರದೆ ತಡವರಿಸುತ್ತಾ ತಿಪ್ಪೇಸ್ವಾಮಿ ನೀರು ಸುರಿಸಿಕೊಂಡು ಓಡಿ ಬಂದಿದ್ದ.

"ಒಗ್ಗರಣೆ ಕಣೋ. ಇದೀನಿ, ಹೋಗು" ಎಂದಳು ಮೈಲಾರಮ್ಮ.

ಅವನು ಹೋಗಲಿಲ್ಲ. ಅವಳು ಒಗ್ಗರಣೆಯನ್ನು ಸಾರಿಗೆ ಸುರಿದು, ಒಲೆ ಆರಿಸಿ, ಸೆರಗಿನ ತುದಿಯಿಂದ ಅವನ ಕಣ್ಣಿನ ನೊರೆ ಒರೆಸುವವರೆಗೂ ಅಲ್ಲೇ ನಿಂತಿದ್ದ.